ಅರವತ್ತರ ಹೆಗಲಿಗೆ ಏರ್ ರೈಫಲ್: ಭಾರ ತೂಗುವುದು, ಸರಿಸುವುದು, ಹೊರುವುದು

ನನ್ನ ಏರ್ ರೈಫಲ್ಲನ್ನು ಮೊದಲ ಸಲ ತೂಗಿದ್ದು ಶಿರಸಿ ಹತ್ತಿರದ ಭಾವನ ಮನೆಯಲ್ಲಿ, ಅಡಿಕೆ ಚೀಲ ತೂಗುವ ಕೊಕ್ಕೆ ತಕ್ಕಡಿಯಲ್ಲಿ. ಮೇಲಿನ ದುರ್ಬೀನು ಸೇರಿ 5 ಕಿಲೋ 200 ಗ್ರಾಂ. ಕೊಂಡು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ನನ್ನ ಎಡಹೆಗಲು ಹಿಡಿದುಕೊಂಡು, ಅಂಗಿಯ ತೋಳಿಗೆ ಕೈ ತೂರಿಸಲು ಹೆಂಡತಿಯನ್ನು ಕರೆಯುವ ಸ್ಥಿತಿ ಬಂದಿತ್ತು.

ಭಾವನಿಗೆ ನನಗಿಂತ ಎರಡು ವರ್ಷ ಜಾಸ್ತಿ. ಆದರೂ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೇ ನಿಂತು ಅಡಿಕೆ ಕೊನೆ ಇಳಿಸುತ್ತಾನೆ. ಬಂದೂಕನ್ನು ಕೈಯಲ್ಲಿ ಹಿಡಿದು ಎರಡು ಸಲ ಮೇಲೆ ಕೆಳಗೆ ಮಾಡಿ ಹೇಳಿದ: "ಭಾವ, ದೋಟಿ ಭಾರ ಅಲ್ಲ, ತುದಿ ಭಾರ. ಇದೂ ಹಾಗೇ ಇದ್ದು."

ನಾನು ಆಮೇಲೆ ಮಾಡಿದ್ದೆಲ್ಲ ಆ ಮಾತಿನಿಂದ ಹೊರಟಿದ್ದು. ವಯಸ್ಸಾದವರು ಬಂದೂಕು ಕೊಳ್ಳುವಾಗ "ಎಷ್ಟು ಕಿಲೋ?" ಅಂತ ಕೇಳುತ್ತಾರೆ. ಆ ಭಾರ ಎಲ್ಲಿ ಕೂತಿದೆ, ದಿನಕ್ಕೆ ಎಷ್ಟು ಸಲ ಎತ್ತಬೇಕು ಅನ್ನುವುದನ್ನು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಮೊದಲ ಹೆಜ್ಜೆ: ಔಷಧಿ ಡಬ್ಬಿ ತೆರೆಯಿರಿ

ಬಂದೂಕಿನ ಅಂಗಡಿಗೆ ಹೋಗುವ ಮೊದಲು ನಿಮ್ಮ ವೈದ್ಯರ ಹತ್ತಿರ ಹೋಗಿ. ಭಾರ ಹಿಡಿದು ಅಲುಗಾಡದೆ ನಿಂತಾಗ, ಅದರಲ್ಲೂ ಉಸಿರು ಬಿಗಿಹಿಡಿದಾಗ, ರಕ್ತದೊತ್ತಡ ಏರುತ್ತದೆ. ಬಿಪಿ ಹತೋಟಿಯಲ್ಲಿ ಇಲ್ಲದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆ ಇದ್ದವರಿಗೆ ಹೆಗಲು ಹಿಡಿದುಕೊಳ್ಳುವ ತೊಂದರೆ ಉಳಿದವರಿಗಿಂತ ಜಾಸ್ತಿ. ನನ್ನದು ಅದೇ ಕಥೆ. ಕುತ್ತಿಗೆ ಮೂಳೆ ಸವೆತ, ಸೊಂಟನೋವು, ತಲೆಸುತ್ತು, ಕಣ್ಣಿನ ಪೊರೆ ಯಾವುದಿದ್ದರೂ ಮೊದಲೇ ಹೇಳಿ. ಎಷ್ಟು ಕಿಲೋ, ಎಷ್ಟು ಹೊತ್ತು, ಯಾವ ಭಂಗಿ ಅಂತ ನಿಂತು ತೋರಿಸಿ. "ಶೂಟಿಂಗ್" ಅಂದರೆ ಹೆಚ್ಚಿನ ವೈದ್ಯರಿಗೆ ಚಿತ್ರ ಬರುವುದಿಲ್ಲ. ಕೋಲು ಹಿಡಿದು ತೋರಿಸಿದರೆ ಬರುತ್ತದೆ.

ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಇನ್ನೊಂದು ವಿಷಯ. ಬಿಪಿಗೆ, ಎದೆಬಡಿತಕ್ಕೆ, ಕೈನಡುಕಕ್ಕೆ ಕೊಡುವ ಅಟೆನೊಲೊಲ್, ಮೆಟೊಪ್ರೊಲೊಲ್, ಪ್ರೊಪ್ರನೊಲೊಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಶೂಟಿಂಗ್‌ನಲ್ಲಿ ನಿಷಿದ್ಧ. ಕೈ ಸ್ಥಿರವಾಗುತ್ತದೆ ಅನ್ನುವುದೇ ಕಾರಣ. ಸ್ಪರ್ಧೆಯ ದಿನ ಮಾತ್ರ ಅಲ್ಲ, ಉಳಿದ ದಿನವೂ ನಿಷಿದ್ಧ. ಮೂತ್ರ ಹೆಚ್ಚಿಸುವ ಮಾತ್ರೆಗಳಂತೂ ಎಲ್ಲ ಆಟಗಳಲ್ಲೂ ನಿಷಿದ್ಧ. ಹಾಗಂತ ಮಾತ್ರೆ ಬಿಡಬೇಡಿ. ಚಿಕಿತ್ಸೆಗಾಗಿ ವಿನಾಯಿತಿ ಕೇಳುವ ವ್ಯವಸ್ಥೆ ಇದೆ, ಬದಲಿ ಮಾತ್ರೆ ಇದೆಯೇ ಅಂತ ವೈದ್ಯರನ್ನೂ ಕೇಳಬಹುದು. ಮನೆಯ ಜಗಲಿಯಲ್ಲಿ ಖುಷಿಗೆ ಹೊಡೆಯುವವರಿಗೆ ಈ ತಲೆನೋವು ಇಲ್ಲ.

ಕೊಳ್ಳುವ ಮೊದಲು ಕೋಲು, ಬಾಟಲಿ

ಇದಕ್ಕೆ ಹತ್ತು ರೂಪಾಯಿ ಖರ್ಚಿಲ್ಲ. ಒಂದು ಮೀಟರ್ ಉದ್ದದ ಗಟ್ಟಿ ಬಿದಿರು ಕೋಲು ತೆಗೆದುಕೊಳ್ಳಿ. ಒಂದು ಲೀಟರಿನ ನಾಲ್ಕು ನೀರಿನ ಬಾಟಲಿ ತುಂಬಿಸಿ. ಒಂದು ಲೀಟರ್ ನೀರು ಒಂದು ಕಿಲೋ, ಲೆಕ್ಕ ಸುಲಭ. ಕೋಲಿನ ಹಿಂತುದಿಯನ್ನು ಬಲಹೆಗಲಿಗೆ ಒತ್ತಿ, ಎಡಗೈಯನ್ನು ಮಧ್ಯದಲ್ಲಿ ಇಡಿ. ನೀವು ಎಡಚರಾದರೆ ಇಲ್ಲಿಂದ ಮುಂದೆ ಎಲ್ಲವನ್ನೂ ಅದಲುಬದಲು ಮಾಡಿಕೊಳ್ಳಿ.

ಮೊದಲು ಮೂರು ಬಾಟಲಿಗಳನ್ನು ಎಡಗೈಯ ಆಚೆ ಈಚೆ ಒತ್ತಾಗಿ ಕಟ್ಟಿ, ಹತ್ತು ಎಣಿಸುವವರೆಗೆ ಹಿಡಿಯಿರಿ. ಇಳಿಸಿ, ಅರ್ಧ ನಿಮಿಷ ಸುಮ್ನೆ ನಿಲ್ಲಿ, ಮತ್ತೆ ಎತ್ತಿ. ಹೀಗೆ ಹತ್ತು ಸಲ. ಈಗ ಒಂದೇ ಒಂದು ಬಾಟಲಿಯನ್ನು ಒಂದು ಗೇಣು ಮುಂದೆ ಸರಿಸಿ ಮತ್ತೆ ಹಿಡಿಯಿರಿ. ಒಟ್ಟು ಭಾರ ಅದೇ ಮೂರು ಕಿಲೋ. ಆದರೆ ಆರನೇ ಎಣಿಕೆಗೆ ಕೋಲಿನ ತುದಿ ಕುಣಿಯಲು ಶುರುವಾಗುತ್ತದೆ. ಬಾಟಲಿಯನ್ನು ಎರಡು ಗೇಣು ಸರಿಸಿದರೆ ಆ ಒಂದು ಬಾಟಲಿಯ ಎಳೆತ ಎರಡು ಪಟ್ಟು. ಭಾವ ಹೇಳಿದ ತುದಿಭಾರ ಇದೇ.

ಆಮೇಲೆ ನಾಲ್ಕನೇ ಬಾಟಲಿ ಸೇರಿಸಿ. ಹತ್ತನೇ ಸಲವೂ ಮೊದಲ ಸಲದಷ್ಟೇ ಸಲೀಸಾಗಿ ಎತ್ತಲು ಬಂದ ಭಾರ ಇವತ್ತಿನ ನಿಮ್ಮ ಭಾರ. ಮರುದಿನ ಬೆಳಿಗ್ಗೆ ಹೆಗಲು ನೋವು ಬಂದರೆ ಅರ್ಧ ಕಿಲೋ ಕಳೆಯಿರಿ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಹಾಗಾಗಿ "ಹಿಂದೆ ಅಕ್ಕಿ ಮೂಟೆ ಎತ್ತುತ್ತಿದ್ದೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾವ ಬಂದೂಕು?

ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಏರ್ ರೈಫಲ್ 5.5 ಕಿಲೋ ಮೀರಬಾರದು. ಅದು ಗರಿಷ್ಠ ಮಿತಿ. ಅಷ್ಟು ಇರಲೇಬೇಕು ಅಂತ ಯಾರೂ ಹೇಳಿಲ್ಲ. ಕಾನೂನಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಮೀ ಬೋರ್ (ನಳಿಗೆಯ ಒಳ ಅಗಲ) ಮೀರದ, 20 ಜೂಲ್ ಶಕ್ತಿ ದಾಟದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಟಾರ್ಗೆಟ್ ಬಂದೂಕುಗಳಿಗೆ 7–8 ಜೂಲ್ ಸಾಕು. ತೋಟಕ್ಕೆ ಬರುವ ಮಂಗ, ಹಕ್ಕಿಗಳ ಕಡೆ ಇದನ್ನು ತಿರುಗಿಸಬೇಡಿ. ಅದು ಬೇರೆಯೇ ಅಪರಾಧ.

ಅಂಗಡಿಯಲ್ಲಿ ಸಿಗುವ ಅಗ್ಗದ ಬಂದೂಕುಗಳಲ್ಲಿ ಹೆಚ್ಚಿನವು ಸ್ಪ್ರಿಂಗಿನವು. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಬಿಗಿ ಮಾಡಬೇಕು. ಕೈಗೆ ಹಗುರ ಅನ್ನಿಸುತ್ತದೆ, ಆದರೆ ಪ್ರತಿ ಸಲ ಮಡಚಲು ಹತ್ತು ಹದಿನೈದು ಕಿಲೋ ಎಳೆತ ಬೇಕಾಗಬಹುದು. ಮೂವತ್ತು ಹೊಡೆತ ಅಂದರೆ ಮೂವತ್ತು ಸಲ ಬಾವಿಯಿಂದ ತುಂಬಿದ ಕೊಡ ಎಳೆದಂತೆ. ಇಂಥದ್ದೇ ಇದ್ದರೆ ಸ್ಟೂಲಿನ ಮೇಲೆ ಕೂತು, ಬುಡವನ್ನು ತೊಡೆಗೆ ಊರಿ ಮಡಚಿ. ಚರೆ ಹಾಕುವಾಗ ಇನ್ನೊಂದು ಕೈಯಲ್ಲಿ ನಳಿಗೆ ಬಿಗಿಯಾಗಿ ಹಿಡಿದಿರಿ. ಅದು ಜಾರಿ ಹಿಂದೆ ಹೊಡೆದರೆ ಬೆರಳು ಉಳಿಯುವುದಿಲ್ಲ.

ಇನ್ನೊಂದು ಬಗೆ ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ಒತ್ತಿ ತುಂಬಿದ್ದು. ಸ್ಪ್ರಿಂಗ್ ಮಡಚುವ ಕಷ್ಟ ಇಲ್ಲ, ಪುಟ್ಟ ಲಿವರ್ ಎಳೆದರೆ ಮುಗಿಯಿತು. ಹೆಗಲಿಗೆ ಒದೆತವೂ ಇಲ್ಲ ಅನ್ನಬಹುದು. ದುಡ್ಡು ಜಾಸ್ತಿ. ಆದರೂ ಅರವತ್ತು ದಾಟಿದವರಿಗೆ ನನ್ನ ಮತ ಇದಕ್ಕೇ. ಮಕ್ಕಳಿಗೆ ಅಂತ ಮಾಡುವ ಗಿಡ್ಡ ಜೂನಿಯರ್ ಮಾದರಿ ಸಿಕ್ಕರೆ ನಾಚಿಕೆ ಪಡದೆ ಕೈಗೆತ್ತಿ ನೋಡಿ. ಸಿಲಿಂಡರ್ ಗಿಡ್ಡ, ಹಾಗಾಗಿ ಮುಂಭಾರ ಕಡಿಮೆ.

ಪಿಸಿಪಿಯಲ್ಲಿ ಒಂದು ಬಲೆ ಇದೆ: ಗಾಳಿ ತುಂಬುವುದು. ಹ್ಯಾಂಡ್ ಪಂಪಿನಲ್ಲಿ 200 ಬಾರ್ ಒತ್ತಡಕ್ಕೆ ತಲುಪಿಸುವುದು ಸೈಕಲ್ಲಿಗೆ ಗಾಳಿ ಹೊಡೆದಂತಲ್ಲ. ಕೊನೆಯ ಮೂವತ್ತು ನಲವತ್ತು ಒತ್ತುಗಳಿಗೆ ಮೈಭಾರ ಪೂರ್ತಿ ಹಾಕಬೇಕು. ಹೃದಯದ ತೊಂದರೆ ಇದ್ದವರು ಇದಕ್ಕೆ ಕೈ ಹಾಕಲೇಬೇಡಿ. ಬೇರೆಯವರು ಪೂರ್ತಿ ಖಾಲಿಯಾಗುವವರೆಗೆ ಕಾಯದೆ 150ಕ್ಕೆ ಇಳಿದಾಗಲೇ ತುಂಬಿಸಿ. ಐವತ್ತು ಒತ್ತಿಗೊಮ್ಮೆ ನಿಲ್ಲಿಸಿ. ಪಂಪೂ ತಣ್ಣಗಾಗುತ್ತದೆ, ನೀವೂ ಆಗುತ್ತೀರಿ. ನಮ್ಮಲ್ಲಿ ಮೊಮ್ಮಗ ಬಂದಾಗ ಇದು ಅವನ ಕೆಲಸ, ಕೂಲಿ ಒಂದು ಐಸ್‌ಕ್ರೀಮ್. ಉಳಿದ ದಾರಿ ಸ್ಕೂಬಾ ಸಿಲಿಂಡರಿನಿಂದ ತುಂಬಿಸುವುದು. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವ ಮುರುಡೇಶ್ವರದ ಕಡೆ ಅಂಥ ಸಿಲಿಂಡರುಗಳ ಓಡಾಟ ಇದೆ. ವಿಚಾರಿಸಿ ನೋಡಬಹುದು. ಒಣಗಿಸಿ ಸೋಸಿದ ಗಾಳಿ ಮಾತ್ರ. ಆಸ್ಪತ್ರೆಯ ಆಮ್ಲಜನಕ ಎಂದಿಗೂ ಬೇಡ. ಒತ್ತಡದ ಆಮ್ಲಜನಕಕ್ಕೆ ಚೂರು ಎಣ್ಣೆ ತಾಗಿದರೂ ಸಿಡಿಯುತ್ತದೆ.

ಹಾಗಾದರೆ ಪಿಸ್ತೂಲು? ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದು ಹೆಸರು ಮಾಡಿದರು. ಅದನ್ನು ಕೇಳಿ ಎಷ್ಟೋ ಜನ ಪಿಸ್ತೂಲೇ ಸುಲಭ ಅಂದುಕೊಳ್ಳುತ್ತಾರೆ. ಏರ್ ಪಿಸ್ತೂಲಿನ ಮಿತಿ 1.5 ಕಿಲೋ ನಿಜ, ಆದರೆ ಅದನ್ನು ಒಂದೇ ಕೈಯಲ್ಲಿ, ತೋಳು ಪೂರ್ತಿ ಚಾಚಿ ಹಿಡಿಯಬೇಕು. ಮತ್ತೆ ಅದೇ ತುದಿಭಾರ! ಸೊಂಟ ಕೆಟ್ಟು ಹೆಗಲು ಗಟ್ಟಿ ಇದ್ದವರಿಗೆ ಪಿಸ್ತೂಲು ಹೊಂದುತ್ತದೆ. ನನ್ನಂಥ ಹೆಗಲಿಗೆ ಹೊಂದಲಿಲ್ಲ.

ಇರುವ ಬಂದೂಕಿನ ಭಾರ ಸರಿಸುವುದು

ಮೊದಲು ಚರೆ ಇಲ್ಲ ಅಂತ ಎರಡು ಸಲ ನೋಡಿ. ಆಮೇಲೆ ಬಂದೂಕನ್ನು ಕುರ್ಚಿಯ ಬೆನ್ನಿನ ಮೇಲೆ ಅಡ್ಡ ಇಟ್ಟು ಹಿಂದೆ ಮುಂದೆ ಸರಿಸಿ. ಎರಡೂ ಕಡೆ ಸಮತೂಕಕ್ಕೆ ಬರುವ ಜಾಗಕ್ಕೆ ಒಂದು ಚೂರು ಟೇಪ್ ಅಂಟಿಸಿ. ಇನ್ನು ನೀವು ಎಡಗೈ ಎಲ್ಲಿ ಇಡುತ್ತೀರಿ ನೋಡಿ. ಆ ಟೇಪು ಕೈಯಿಂದ ಎಷ್ಟು ಮುಂದಿದೆಯೋ ಅಷ್ಟೂ ನಿಮ್ಮ ಹೆಗಲಿನ ಕಷ್ಟ. ನನ್ನದರಲ್ಲಿ ಅದು ಒಂದು ಗೇಣಿಗಿಂತ ಮುಂದಿತ್ತು.

ನಾನು ಮಾಡಿದ್ದು ಹೀಗೆ. ದುರ್ಬೀನು, ಅದರ ಕಟ್ಟು ಎರಡನ್ನೂ ಬಿಚ್ಚಿದೆ. ಅರ್ಧ ಕಿಲೋಗಿಂತ ಜಾಸ್ತಿ ಅಲ್ಲೇ ಹೋಯಿತು. ಟಾರ್ಗೆಟ್ ಸೈಟ್, ಅಂದರೆ ಗುರಿ ನೋಡುವ ಪುಟ್ಟ ಉಂಗುರಗಳು, ಹಗುರ, ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೂ ಇಲ್ಲ. ನಳಿಗೆಯ ಮೇಲೆ ಸಿಕ್ಕಿಸಿದ್ದ ತೂಕದ ಬಳೆಗಳನ್ನು ಒಂದೊಂದಾಗಿ ತೆಗೆದೆ, ವಾರಕ್ಕೆ ಒಂದರಂತೆ. ಒಟ್ಟಿಗೇ ತೆಗೆದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಕೊನೆಗೆ ವಿಚಿತ್ರ ಅನ್ನಿಸುವ ಕೆಲಸ ಮಾಡಿದೆ. ಬುಡದ ಹತ್ತಿರ 200 ಗ್ರಾಂ ಸೇರಿಸಿದೆ. ತಕ್ಕಡಿಯಲ್ಲಿ ಬಂದೂಕು ಭಾರವಾಯಿತು, ಕೈಯಲ್ಲಿ ಹಗುರವಾಯಿತು. ಟೇಪು ನಾಲ್ಕು ಬೆರಳು ಹಿಂದೆ ಬಂದಿತ್ತು.

ಎರಡು ಎಚ್ಚರಿಕೆ. ನಳಿಗೆ ಕತ್ತರಿಸುವುದು, ಸಿಲಿಂಡರಿಗೆ ತೂತು ಕೊರೆಯುವುದು, ವೆಲ್ಡಿಂಗ್, ಇವು ಜೀವಕ್ಕೆ ಅಪಾಯ. ಮರದ ಹಿಡಿಯನ್ನು ಕೆತ್ತಿಸುವುದಾದರೆ ಬಡಗಿ ಬೇರೆ, ಯಂತ್ರ ಮುಟ್ಟುವವರು ಬೇರೆ. ಎರಡನೆಯದು, ತೀರಾ ಹಗುರ ಮಾಡಬೇಡಿ. ಎರಡೂವರೆ ಕಿಲೋ ಬಂದೂಕು ನಾಡಿಬಡಿತಕ್ಕೇ ಕುಣಿಯುತ್ತದೆ. ನಿಂತು ಹೊಡೆಯುವ ನಮ್ಮ ವಯಸ್ಸಿನವರಿಗೆ ಮೂರೂವರೆಯಿಂದ ನಾಲ್ಕೂವರೆ ಕಿಲೋ ನಡುವೆ ಎಲ್ಲೋ ಒಂದು ಕಡೆ ಹದ ಸಿಗುತ್ತದೆ ಅನ್ನುವುದು ನನ್ನ ಅನುಭವ. ನನ್ನದು ಈಗ 4 ಕಿಲೋ 300.

ನಿಲ್ಲುವುದು: ಭಾರ ಮೂಳೆಗೆ, ಸ್ನಾಯುವಿಗಲ್ಲ

ಟಾರ್ಗೆಟ್ಟಿಗೆ ಎಡಮಗ್ಗುಲು ಕೊಟ್ಟು ನಿಲ್ಲಿ. ಕಾಲುಗಳ ನಡುವೆ ಹೆಗಲಗಲ. ಮಂಡಿಯನ್ನು ಹಿಂದಕ್ಕೆ ಬಿಗಿದು ಬೀಗ ಹಾಕಬೇಡಿ. ಸೊಂಟವನ್ನು ಚೂರು ಟಾರ್ಗೆಟ್ ಕಡೆ ತಳ್ಳಿ, ಎಡಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಅಥವಾ ಪಕ್ಕೆಗೆ ಊರಿ. ಹೆಂಗಸರು ಸೊಂಟದ ಮೇಲೆ ಕೊಡ ಇಟ್ಟುಕೊಂಡು ದಾರಿಯಲ್ಲಿ ನಿಂತು ಅರ್ಧ ಗಂಟೆ ಮಾತಾಡುತ್ತಿದ್ದುದು ನೆನಪಿದೆಯಾ? ಅವರ ತೋಳು ಭಾರ ಹೊರುತ್ತಿರಲಿಲ್ಲ, ಸೊಂಟದ ಮೂಳೆ ಹೊರುತ್ತಿತ್ತು.

ತೊಂದರೆ ಏನೆಂದರೆ, ನಮ್ಮ ವಯಸ್ಸಿಗೆ ಮೊಣಕೈ ಸೊಂಟದವರೆಗೆ ಹೋಗುವುದೇ ಇಲ್ಲ. ಹೊಟ್ಟೆ ಅಡ್ಡ, ಬೆನ್ನು ಗಟ್ಟಿ. ಎಳೆಯರು ಬೆನ್ನು ಹಿಂದಕ್ಕೆ ಬಾಗಿಸಿ ಆ ಅಂತರ ಮುಚ್ಚುತ್ತಾರೆ. ಅದನ್ನು ನೋಡಿ ನೀವು ಮಾಡಿದರೆ ಸೊಂಟದ ಕೀಲು ಮರುದಿನ ಉತ್ತರ ಕೊಡುತ್ತದೆ. ಬದಲಿಗೆ ಬಂದೂಕನ್ನು ಮೇಲೆತ್ತುವ ದಾರಿ ಹುಡುಕಿ. ಅಂಗೈ ಬದಲು ಮುಷ್ಟಿಯ ಮೇಲೆ ಇಡಿ. ಇಲ್ಲವೇ ಟ್ರಿಗರ್ ಮುಂದಿನ ಹಿಡಿಯ ಅಡಿಗೆ ಎರಡು ಬೆರಳು ದಪ್ಪದ ಮರದ ತುಂಡು ಸ್ಕ್ರೂ ಹಾಕಿಸಿ. ಕೆನ್ನೆ ಊರುವ ಹಲಗೆಯನ್ನು ಮೇಲಕ್ಕೆ ಸರಿಸಲು ಬರುವಂತಿದ್ದರೆ ಸರಿಸಿ. ತಲೆ ನೇರ ಇರಬೇಕು, ಕುತ್ತಿಗೆ ಬಂದೂಕನ್ನು ಹುಡುಕಿಕೊಂಡು ಹೋಗಬಾರದು. ಕೈ ಟ್ರಿಗರಿಗೆ ಹತ್ತಿರ ಬಂದಷ್ಟೂ ಮುಂಭಾರ ಕಾಡುತ್ತದೆ. ಅದಕ್ಕೇ ಭಾರ ಸರಿಸುವ ಕೆಲಸ ಮೊದಲು, ನಿಲ್ಲುವ ಪಾಠ ಆಮೇಲೆ.

ಗುರಿ ಕೂತ ಮೇಲೆ ಆರರಿಂದ ಎಂಟು ಸೆಕೆಂಡಿನಲ್ಲಿ ಹೊಡೆತ ಹೋಗಬೇಕು. ಹೋಗಲಿಲ್ಲವೇ, ಇಳಿಸಿ. ಉಸಿರು ಕಟ್ಟಿ ಹಟ ಹಿಡಿದರೆ ಕಣ್ಣು ಮಂಜಾಗುತ್ತದೆ, ಬಿಪಿ ಏರುತ್ತದೆ, ಚರೆ ಹೇಗೂ ಹತ್ತು ಅಂಕದ ನಡು ಬಿಟ್ಟು ಏಳು ಅಂಕದ ವೃತ್ತಕ್ಕೆ ಹೋಗುತ್ತದೆ.

ಎತ್ತುವುದರ ಲೆಕ್ಕ

ಪೂರ್ತಿ ಸ್ಪರ್ಧೆ ಅಂದರೆ 60 ಹೊಡೆತ, 75 ನಿಮಿಷ. ಅಭ್ಯಾಸದ ಹೊಡೆತ, ಹೊಡೆಯದೆ ಇಳಿಸಿದ್ದು ಎಲ್ಲ ಸೇರಿ ನೂರು ಸಲ ಎತ್ತಿದಿರಿ ಅನ್ನಿ. ನಾಲ್ಕೂವರೆ ಕಿಲೋ ಅಂದರೆ 450 ಕಿಲೋ. ಹೆಗಲು ಸೋಲುವುದು ಗುರಿ ಹಿಡಿಯುವ ಎಂಟು ಸೆಕೆಂಡಿಗಲ್ಲ, ಟೇಬಲ್ಲಿಗೆ ಬಗ್ಗಿ ಎದ್ದು ಬಗ್ಗಿ ಎದ್ದು.

ಹಾಗಾಗಿ ಒಂದು ಸ್ಟ್ಯಾಂಡ್ ಮಾಡಿಸಿ. ಹೊಡೆತಗಳ ನಡುವೆ ಬಂದೂಕು ಒರಗಿಸಲು ನಿಯಮದಲ್ಲೂ ಅವಕಾಶ ಇದೆ. ನಾನು ಹಳೇ ಫ್ಯಾನಿನ ಸ್ಟ್ಯಾಂಡಿಗೆ ಇಂಗ್ಲಿಷಿನ ಯು ಆಕಾರದ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ, ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿದೆ. ಎತ್ತರ ಎದೆಗಿಂತ ಒಂದು ಗೇಣು ಕೆಳಗೆ. ಬುಡ ಹೆಗಲಲ್ಲೇ ಇರುತ್ತದೆ, ಮುಂದಿನ ಭಾರ ಸ್ಟ್ಯಾಂಡಿಗೆ ಹೋಗುತ್ತದೆ. ಚರೆ ತುಂಬುವುದೂ ಅಲ್ಲೇ. ಈಗ ನಾನು ಎತ್ತಬೇಕಾದದ್ದು ನೆಲದಿಂದಲ್ಲ, ಟೇಬಲ್ಲಿನಿಂದಲ್ಲ, ಒಂದು ಗೇಣು ಅಷ್ಟೇ.

ಕೂತು ಹೊಡೆದರೂ ಹೊಡೆತವೇ

ನಿಲ್ಲಲು ಆಗದವರು ಕೂತು, ಟೇಬಲ್ಲಿನ ಮೇಲೆ ಮರಳು ಚೀಲ ಇಟ್ಟು ಹೊಡೆಯಿರಿ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಒಣ ಮರಳು ತುಂಬಿ ಎರಡೂ ಕಡೆ ಹೊಲಿದರೆ ಚೀಲ ಸಿದ್ಧ. ತೋಳಿರುವ ಪ್ಲಾಸ್ಟಿಕ್ ಕುರ್ಚಿ ಬೇಡ, ಮೊಣಕೈಗೆ ಅಡ್ಡ ಬರುತ್ತದೆ, ಒಂದು ಕಡೆ ವಾಲುತ್ತದೆ ಕೂಡ. ಗಟ್ಟಿ ಮರದ ಸ್ಟೂಲ್ ಒಳ್ಳೆಯದು. ಪ್ಯಾರಾ ಶೂಟಿಂಗ್‌ನ ಎಸ್‌ಎಚ್2 ವಿಭಾಗದಲ್ಲಿ, ಬಂದೂಕಿನ ಭಾರ ಹೊರಲಾಗದವರಿಗೆ ಸ್ಪ್ರಿಂಗ್ ಹಾಕಿದ ಆಧಾರ ಕೋಲನ್ನು ನಿಯಮವೇ ಕೊಟ್ಟಿದೆ. ಅವರು ಹೊಡೆಯುವುದೂ ಅದೇ ಅರ್ಧ ಮಿಲಿಮೀಟರಿನ ಹತ್ತರ ಚುಕ್ಕೆಗೆ. "ಆಧಾರ ಇಟ್ಟು ಹೊಡೆಯುವುದು ಮಕ್ಕಳಾಟ" ಅನ್ನುವ ಗೆಳೆಯರಿಗೆ ಒಮ್ಮೆ ಕೂರಿಸಿ ಕೊಡಿ.

ಕಣ್ಣು

ಮುಂದಿನ ಸೈಟ್ ಸ್ಪಷ್ಟ ಕಾಣಬೇಕು, ಟಾರ್ಗೆಟ್ ಚೂರು ಮಸುಕಾದರೂ ನಡೆಯುತ್ತದೆ. ಎರಡು ಭಾಗದ ಕನ್ನಡಕ ಇಲ್ಲಿ ಶತ್ರು. ಸರಿಯಾದ ಭಾಗ ಹುಡುಕಲು ತಲೆ ಎತ್ತುತ್ತೀರಿ, ಕುತ್ತಿಗೆ ಕೆಡುತ್ತದೆ. ಕನ್ನಡಕದವರಿಗೆ ದೂರದ ನಂಬರಿಗೆ 0.5 ಪ್ಲಸ್ ಸೇರಿಸಿ, ಒಂದೇ ನಂಬರಿನ ಗಾಜು ಹಾಕಿ ಅಂತ ಹೇಳಿ, ಅಲ್ಲಿಂದ ಹೊಂದಿಸಿಕೊಳ್ಳಿ. ಮುಂದಿನ ಸೈಟಿನ ಉಂಗುರವನ್ನು ಒಂದು ಅಳತೆ ದೊಡ್ಡದು ಹಾಕಿ. ಕಪ್ಪು ಚುಕ್ಕೆಯ ಸುತ್ತ ಬಿಳಿ ಜಾಸ್ತಿ ಕಂಡರೆ ಹಳೇ ಕಣ್ಣಿಗೆ ಸುಖ. ಆಚೆ ಕಣ್ಣು ಮುಚ್ಚಬೇಡಿ, ಕನ್ನಡಕಕ್ಕೆ ಒಂದು ಚೂರು ಕಾಗದ ಅಂಟಿಸಿ ಮರೆ ಮಾಡಿ.

ವಾರದ ಅಭ್ಯಾಸ

ನಾನು ಕಾರವಾರದ ಕೋಡಿಬಾಗದ ಮನೆಯ ಮಾಳಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಶುರು ಮಾಡುತ್ತೇನೆ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಹೊಡೆಯುವ ಗೆರೆಯಿಂದ ಟಾರ್ಗೆಟ್ಟಿಗೆ 10 ಮೀಟರ್, ಟಾರ್ಗೆಟ್ಟಿನ ನಡು ನೆಲದಿಂದ 1.4 ಮೀಟರ್. ಹಿಂದೆ ಕಬ್ಬಿಣದ ತಗಡು, ಅದರ ಮುಂದೆ ಹಳೇ ಬಟ್ಟೆ ಒತ್ತಿ ತುಂಬಿದ ಪೆಟ್ಟಿಗೆ, ಎಲ್ಲಕ್ಕೂ ಹಿಂದೆ ಚಿರೆಕಲ್ಲಿನ ಗೋಡೆ. ಅತ್ತ ಬಾಗಿಲು, ಕಿಟಕಿ ಯಾವುದೂ ಇಲ್ಲ.

ಮೊದಲು ಹತ್ತು ನಿಮಿಷ ಗೋಡೆಗೆ ಕೈ ಊರಿ ದಂಡ, ಕಂಬ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು. ಆಮೇಲೆ ಚರೆ ಇಲ್ಲದೆ ಹತ್ತು ಸಲ ಹಿಡಿದು ಟ್ರಿಗರ್ ಒತ್ತುವುದು. ಇದಕ್ಕೆ ಪಿಸಿಪಿಯ ಡ್ರೈ ಫೈರ್ ವ್ಯವಸ್ಥೆ ಬೇಕು. ಸ್ಪ್ರಿಂಗ್ ಬಂದೂಕನ್ನು ಚರೆ ಇಲ್ಲದೆ ಹೊಡೆದರೆ ಒಳಗಿನ ಸೀಲ್ ಒಡೆಯುತ್ತದೆ. ಮೊದಲ ತಿಂಗಳು ಇಪ್ಪತ್ತೇ ಹೊಡೆತ. ಎರಡು ವಾರಕ್ಕೆ ಐದು ಸೇರಿಸಿ. ನಾನು ಒಂದು ವರ್ಷವಾದರೂ ನಲವತ್ತು ದಾಟಿಲ್ಲ, ದಾಟುವ ಆಸೆಯೂ ಇಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಅಂಕದ ಜೊತೆ ಮರುದಿನದ ನೋವನ್ನೂ ಬರೆಯಿರಿ. ಕೊನೆಯ ಹತ್ತು ಹೊಡೆತಗಳ ಅಂಕ ಮೊದಲ ಹತ್ತಕ್ಕಿಂತ ತೀರಾ ಬಿದ್ದರೆ ಅದು ಗುರಿಯ ತಪ್ಪಲ್ಲ, ಹೊಡೆತ ಜಾಸ್ತಿಯಾಯಿತು. ಎದೆ ಹಿಡಿದಂತಾದರೆ, ಬೆರಳು ಜುಮ್ಮೆಂದರೆ, ಕಣ್ಣು ಕತ್ತಲಿಟ್ಟರೆ ಬಂದೂಕು ಸ್ಟ್ಯಾಂಡಿಗೆ ಇಟ್ಟು ಅಲ್ಲೇ ಕೂತುಬಿಡಿ, ಮನೆಯವರನ್ನು ಕರೆಯಿರಿ. ಎದೆನೋವು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ.

ಕಾರವಾರದ ಏಪ್ರಿಲ್, ಮೇ ಸೆಖೆಯಲ್ಲಿ ದಪ್ಪ ಶೂಟಿಂಗ್ ಜಾಕೆಟ್ ಹಾಕಿಕೊಂಡು ನಿಂತರೆ ಬೆನ್ನಿಗೆ ಆಧಾರ ಸಿಗುತ್ತದೆ, ಮೈಯಿಂದ ನೀರೂ ಹೋಗುತ್ತದೆ. ಹತ್ತು ಹೊಡೆತಕ್ಕೊಮ್ಮೆ ಗುಂಡಿ ಬಿಚ್ಚಿ ನೀರು ಮಜ್ಜಿಗೆ ಕುಡಿಯಿರಿ. ಕುಡಿಯುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಚರೆ ಅಂದರೆ ಸೀಸ.

ಇನ್ನು ಬಂದೂಕಿನ ಆರೈಕೆ. ಕಡಲ ಗಾಳಿಗೆ ಬೆವರಿನ ಉಪ್ಪೂ ಸೇರಿದರೆ ಒಂದು ರಾತ್ರಿಯಲ್ಲಿ ತುಕ್ಕಿನ ಬೆರಳಚ್ಚು ಮೂಡುತ್ತದೆ. ಹೊಡೆದಾದ ತಕ್ಷಣ ಎಣ್ಣೆ ಬಟ್ಟೆಯಲ್ಲಿ ಹೊರಮೈ ಒರೆಸಿ. ಪಿಸಿಪಿಯ ಗಾಳಿ ದಾರಿಗೆ ಮಾತ್ರ ಎಣ್ಣೆ ತಾಗಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪಂಜಿನ ಪೆಟ್ಟಿಗೆಯೊಳಗೆ ಇಡಬೇಡಿ. ಸ್ಪಂಜು ತೇವ ಹೀರಿ ಬಂದೂಕಿಗೇ ಕೊಡುತ್ತದೆ. ಕಪಾಟಿನಲ್ಲಿ ನಿಲ್ಲಿಸಿ ಬೀಗ ಹಾಕಿ, ಬೀಗದಕೈ ಮಕ್ಕಳಿಗೆ ಸಿಗದ ಕಡೆ ಇಡಿ. ಸಿಲಿಂಡರ್ ಮೇಲೆ ಅಚ್ಚೊತ್ತಿದ ತಾರೀಕು ನೋಡಿಕೊಳ್ಳಿ. ಟಾರ್ಗೆಟ್ ಬಂದೂಕಿನ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಆಯುಸ್ಸು ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಲೆ ಕೇಳುವ ಮೊದಲು ಅದನ್ನೇ ನೋಡಿ.